ಲೋಕಲ್‌ನಲ್ಲಿ ಆಡುವ ಕನ್ನಡ ಪದ ಗೇಮು: ಇನ್‌ಸ್ಟಾಲ್ ಇದೆ, ಆದಾಯ ಯಾಕಿಲ್ಲ?

ಮುಂಬೈ ಲೋಕಲ್ ರೈಲಿನಲ್ಲಿ ಡೊಂಬಿವಲಿ–ಸಿಎಸ್‌ಎಂಟಿ ಓಡಾಡುವ ಕನ್ನಡಿಗರು ಗೇಮ್ ಇಳಿಸಿಕೊಂಡು ಮರುದಿನವೇ ಕಿತ್ತುಹಾಕುತ್ತಿದ್ದರೆ, ಜಾಹೀರಾತಿನ ಲೆಕ್ಕಕ್ಕಿಂತ ಮೊದಲು ಹೆಬ್ಬೆರಳನ್ನು ನೋಡಿ. ನಿಂತವರ ಒಂದು ಕೈ ಮೇಲಿನ ಹಿಡಿಕೆಯಲ್ಲಿರುತ್ತದೆ. ಪರದೆ ಉದ್ದಕ್ಕಿರಲಿ, ಬಟನ್‌ಗಳು ಕೆಳಗಿನ ಅರ್ಧದಲ್ಲಿ, ಕನಿಷ್ಠ 48 ಡಿಪಿ (ಆಂಡ್ರಾಯ್ಡ್‌ನ ಪರದೆ ಅಳತೆ) ಇರಲಿ.

ಅಕ್ಷರದ ಗೋಳು ಇನ್ನೂ ದೊಡ್ಡದು. ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರವನ್ನು ತಾನಾಗಿ ಜೋಡಿಸುವುದಿಲ್ಲ. ‘ಅಕ್ಕ’ ಒಡೆದು ‘ಅಕ್‌ಕ’ ಆಗುತ್ತದೆ. ಪದದ ಆಟದಲ್ಲಿ ಇದಾದರೆ ಮುಗಿಯಿತು! ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಆಧಾರಿತ ಪ್ಲಗಿನ್ ಹಾಕಿ, ಒತ್ತು ಕೆಳಗೆ ಕತ್ತರಿಸದಂತೆ ಸಾಲಿನ ಎತ್ತರ ಹೆಚ್ಚಿಸಿ.

ಸ್ಟೇಷನ್‌ಗಳ ನಡುವೆ ಸಿಗ್ನಲ್ ಹೋಗುತ್ತದೆ. ಸ್ಕೋರ್ ಬರೀ ಸರ್ವರ್‌ನಲ್ಲಿದ್ದರೆ ಗೆದ್ದ ಲೆವೆಲ್ ಮಾಯ. ಪ್ರತಿ ನಡೆಯನ್ನೂ ಫೋನಿನಲ್ಲೇ ಉಳಿಸಿ, ನೆಟ್ ಬಂದಾಗ ಕಳಿಸಿ. ಆಫ್‌ಲೈನ್‌ನಲ್ಲಿ ಹೊಸ ಜಾಹೀರಾತೂ ಬರದು, ಹಾಗಾಗಿ ಸಿಗ್ನಲ್ ಇದ್ದಾಗಲೇ ಒಂದನ್ನು ಲೋಡ್ ಮಾಡಿಡಿ. ಗೂಗಲ್‌ನ ಜಾಹೀರಾತು ಸೇವೆ ಆಡ್‌ಮಾಬ್‌ನದು ಒಂದು ಗಂಟೆಗೆ ಹಳಸುತ್ತದೆ, ಮತ್ತೆ ತರಿಸಬೇಕು. ಲೆವೆಲ್ ಮಧ್ಯೆ ತೋರಿಸಬೇಡಿ. ಸುಳಿವು ಬೇಕೆಂದವರಿಗೆ, ನೋಡಿದರೆ ಸುಳಿವು ಸಿಗುವ ಬಹುಮಾನದ ವಿಡಿಯೊ ಜಾಹೀರಾತು ಸಾಕು.

ಪ್ರವೇಶ ಶುಲ್ಕ ಪಡೆದು ನಗದು ಬಹುಮಾನ ಕೊಡುವ ಯೋಚನೆಯಿದ್ದರೆ ಬಿಡಿ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅದನ್ನು ನಿಷೇಧಿಸಿದೆ. ಜಾಹೀರಾತು ತೆಗೆಯಲು ಒಮ್ಮೆ ಕಟ್ಟುವ ಸಣ್ಣ ಮೊತ್ತ ಇಡಿ. ಪ್ಲೇ ಸ್ಟೋರ್‌ನಲ್ಲಿ ಯುಪಿಐ ನಡೆಯುತ್ತದೆ.