ಮೀಟರ್ ಗ್ಲಾಸಿನ ಮೇಲೆ ಅರಿಶಿನ, ಕುಂಕುಮ, ಗೀರು

ಪ್ರಶ್ನೆ: ನಮ್ಮದು 2009ರ ಮಾರುತಿ 800. ಪ್ರತಿ ಆಯುಧ ಪೂಜೆಗೂ ಅಪ್ಪ ಸ್ಟೀರಿಂಗ್ ಜೊತೆ ಮೀಟರ್ ಗ್ಲಾಸಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ. ಈಗ ಹಳದಿ ಕಲೆ ಹಾಗೇ ಉಳಿದಿದೆ, ಒರೆಸಿ ಒರೆಸಿ ಗೀರೂ ಬಿದ್ದಿದೆ. ಬಿಸಿಲು ಬಿದ್ದರೆ ಮುಳ್ಳೇ ಕಾಣಲ್ಲ. ಟೂತ್‌ಪೇಸ್ಟ್ ಹಾಕಿ ಉಜ್ಜಬಹುದಾ?
– ಓದುಗರು, ಹಾವೇರಿ

ಉತ್ತರ: ಉಜ್ಜಬಹುದು, ಆದರೆ ಅದು ಕೊನೆಯ ಕೆಲಸ. ಬಾಯಲ್ಲಿ ಗ್ಲಾಸ್ ಅಂತೀವಿ, ಅದು ಗಾಜಲ್ಲ, ಅಕ್ರಿಲಿಕ್ ಥರದ ಮೆತ್ತನೆ ಪ್ಲಾಸ್ಟಿಕ್ಕು. ಗೀರು ಬಿದ್ದಿರುವುದು ಪೂಜೆಯಿಂದಲ್ಲ, ಮಾರನೇ ದಿನ ಒಣಬಟ್ಟೆಯಲ್ಲಿ ಗಸಗಸ ಒರೆಸಿದ್ದರಿಂದ. ಧೂಳಿನಲ್ಲಿ ಮರಳಿನ ಕಣ ಇರುತ್ತೆ ಅಲ್ವಾ, ಒಣಬಟ್ಟೆ ಅದನ್ನೇ ಹಿಡಿದುಕೊಂಡು ಉದ್ದಕ್ಕೆ ಗೀಚುತ್ತೆ.

ಮೊದಲು ತೊಳೆಯಿರಿ. ಧೂಳನ್ನು ಮೆತ್ತನೆ ಬ್ರಷ್‌ನಲ್ಲಿ ಒತ್ತದೆ ಕೊಡವಿ. ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ನೀರು ಸುರಿಯಬೇಡಿ, ಒಳಗೆ ವೈರಿಂಗ್ ಇದೆ. ದೇವರ ಸ್ಟಿಕ್ಕರ್ ಕಿತ್ತ ಗಮ್ ಇದ್ದರೆ ಅದರ ಮೇಲೆ ಕೊಬ್ಬರಿ ಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು ಸೋಪಿನ ನೀರಲ್ಲಿ ತೆಗೆಯಿರಿ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಮುಟ್ಟಲೇಬೇಡಿ. ಅಮೋನಿಯಾ ಇರುವ ಕಿಟಕಿ ಕ್ಲೀನರೂ ಬೇಡ. ನಾನೇ ಒಂದ್ಸಲ ಆತುರಕ್ಕೆ ಥಿನ್ನರ್ ಒರೆಸಿ, ನೋಡ್ತಾ ನೋಡ್ತಾ ಗ್ಲಾಸೆಲ್ಲ ಒಣಗಿದ ಕೆರೆಯ ಮಣ್ಣಿನ ಹಾಗೆ ಸಣ್ಣಗೆ ಬಿರುಕು ಬಿಟ್ಟು, ಕೊನೆಗೆ ಗುಜರಿಯಲ್ಲಿ ಬೇರೆ ಮೀಟರ್ ಹುಡುಕಬೇಕಾಯಿತು.

ಅರಿಶಿನದ ಕಲೆ ಸೋಪಿಗೆ ಪೂರ್ತಿ ಹೋಗಲ್ಲ. ಅದಕ್ಕೆ ಬಿಸಿಲೇ ಮದ್ದು, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ನಿಮ್ಮ ಮೀಟರಿನ ಮೇಲೆ ಡ್ಯಾಶ್‌ಬೋರ್ಡಿನ ಚಪ್ಪರ ಇರುವುದರಿಂದ ನೇರ ಬಿಸಿಲು ಹೆಚ್ಚು ಹೊತ್ತು ಬೀಳಲ್ಲ, ಅದಕ್ಕೇ ಕಲೆ ಉಳಿದುಕೊಂಡಿದೆ. ಮೀಟರ್ ಬಿಚ್ಚುವುದಾದರೆ ಗ್ಲಾಸನ್ನು ಮಾತ್ರ ಒಂದೆರಡು ದಿನ ಬೆಳಕಿರುವ ಕಡೆ ಇಡಿ.

ಈಗ ಗೀರು. ಉಗುರು ಆಡಿಸಿ ನೋಡಿ. ಸಿಕ್ಕಿಕೊಳ್ಳದಿದ್ದರೆ ಪ್ಲಾಸ್ಟಿಕ್ ಪಾಲಿಶ್ ಸಾಕು, ಹೆಡ್‌ಲೈಟ್ ಪಾಲಿಶ್ ಆದರೂ ಆಗುತ್ತೆ. ಅದೂ ಸಿಗದಿದ್ದರೆ ಸಾದಾ ಬಿಳಿ ಟೂತ್‌ಪೇಸ್ಟ್, ಜೆಲ್ ಬೇಡ, ಉಪ್ಪು ಇದ್ದಿಲು ಹಾಕಿದ್ದಂತೂ ಬೇಡವೇ ಬೇಡ. ಹಳೇ ಬನಿಯನ್ ತುಂಡಿಗೆ ಕಡಲೆಕಾಳಿನಷ್ಟು ಹಾಕಿ, ಮೊದಲು ಒಂದು ಮೂಲೆಯಲ್ಲಿ ಉಜ್ಜಿ ನೋಡಿ, ಆಮೇಲೆ ಮುಂದುವರಿಯಿರಿ. ಕೈಯಲ್ಲೇ ಮಾಡಿ. ಡ್ರಿಲ್ಲಿಗೆ ಬಫ್ (ಪಾಲಿಶ್ ಮಾಡುವ ಮೆತ್ತನೆ ಚಕ್ರ) ಹಾಕಿದರೆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಅಲೆ ಎದ್ದುಬಿಡುತ್ತೆ.

ಉಗುರು ಸಿಕ್ಕಿಕೊಂಡರೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ನುಣುಪು ಉಪ್ಪುಕಾಗದ ಬೇಕು. ಪೇಂಟ್ ಅಂಗಡಿಯಲ್ಲಿ 2000 ಮತ್ತು 3000 ನಂಬರ್ ಕೇಳಿ. ನೀರಲ್ಲಿ ನೆನೆಸಿ, ಮೊದಲು 2000ದಲ್ಲಿ ಅಡ್ಡಕ್ಕೆ, ಆಮೇಲೆ 3000ದಲ್ಲಿ ಉದ್ದಕ್ಕೆ ಉಜ್ಜಿ. ಗೀರಿನ ಸುತ್ತಲೂ ಅಗಲಕ್ಕೆ ಉಜ್ಜಬೇಕು, ಅಲ್ಲೊಂದೇ ಕಡೆ ಉಜ್ಜಿದರೆ ಗುಂಡಿ ಬಿದ್ದು ನಂಬರ್ ಸೊಟ್ಟಗೆ ಕಾಣುತ್ತೆ. ಗ್ಲಾಸ್ ಪೂರ್ತಿ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತೆ, ಗಾಬರಿ ಬೀಳಬೇಡಿ, ಪಾಲಿಶ್ ಹಾಕ್ತಾ ಹೋದ ಹಾಗೆ ತಿಳಿಯಾಗುತ್ತೆ. ಈ ಕೆಲಸಕ್ಕೆ ಮೀಟರ್ ಬಿಚ್ಚಲೇಬೇಕು. ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಮುಳ್ಳಿಗಾಗಲಿ, ಒಳಗಿನ ಕಪ್ಪು ಡಯಲಿಗಾಗಲಿ ಬೆರಳು ತಾಗಬಾರದು, ಮುಳ್ಳು ಜರುಗಿದರೆ ಸ್ಪೀಡ್ ತಪ್ಪು ತೋರಿಸುತ್ತೆ.

ಇನ್ನೊಂದು ತಮಾಷೆ. ಚೆನ್ನಾಗಿ ಉಜ್ಜಿ ಜೋಡಿಸಿದ ಮೇಲೆ ಗಾಡಿ ನಿಂತಿದ್ದರೂ ಮುಳ್ಳು ತಾನೇ ಮೇಲೆದ್ದು ನಿಲ್ಲಬಹುದು. ಕೆಟ್ಟಿಲ್ಲ, ತಿಕ್ಕಾಟಕ್ಕೆ ಗ್ಲಾಸಿನಲ್ಲಿ ಕರೆಂಟ್ ಕೂತು ಮುಳ್ಳನ್ನು ಎಳೆಯುತ್ತಿದೆ, ಅಷ್ಟೇ. ಬಾಚಣಿಗೆ ಕಾಗದದ ಚೂರು ಎಳೆಯುತ್ತಲ್ಲ, ಹಾಗೆ. ಒದ್ದೆ ಬಟ್ಟೆ ಒಮ್ಮೆ ಆಡಿಸಿ, ಇಳಿಯುತ್ತೆ.

ಇನ್ನು ಅಪ್ಪನಿಗೆ ಬೇಡ ಅನ್ನಬೇಡಿ, ಕುಂಕುಮವನ್ನು ಸ್ಟೀರಿಂಗಿನ ನಡುವೆ ಇಡಲು ಹೇಳಿ.

ಪ್ರಶ್ನೆ: ಹೊಸ ಕಾರಿನ ಡಿಜಿಟಲ್ ಮೀಟರ್ ಸ್ಕ್ರೀನಿಗೂ ಇದೇ ಉಪಾಯ ನಡೆಯುತ್ತಾ?
– ಓದುಗರು, ಪುತ್ತೂರು

ಉತ್ತರ: ನಡೆಯಲ್ಲ. ಅಂಥ ಸ್ಕ್ರೀನಿನ ಮೇಲೆ ಹೊಳಪು ತಡೆಯುವ ತೆಳು ಕೋಟಿಂಗ್ ಇರುವುದೇ ಜಾಸ್ತಿ. ಪಾಲಿಶ್ ಹಾಕಿದರೆ ಗೀರು ಹೋಗುತ್ತೋ ಇಲ್ಲವೋ, ಕೋಟಿಂಗ್ ಎದ್ದು ಮೋಡದ ಹಾಗೆ ಮಚ್ಚೆ ಬೀಳುತ್ತೆ. ಒದ್ದೆ ಮೈಕ್ರೋಫೈಬರ್ ಬಿಟ್ಟು ಬೇರೇನೂ ತಾಗಿಸಬೇಡಿ. ಗೀರು ಈಗಾಗಲೇ ಇದ್ದರೆ ಅಳತೆಗೆ ಸರಿಯಾದ ಮ್ಯಾಟ್ ಸ್ಕ್ರೀನ್ ಗಾರ್ಡ್ ಅಂಟಿಸಿ, ಅರ್ಧಕ್ಕರ್ಧ ಮರೆಯಾಗುತ್ತೆ.