ಬಿದಿರಿನ ಮೇಲೆ ಹೊಳೆದ ಅಣಬೆ: ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಮೇಘಾಲಯದ ಹೊಳೆಯುವ ಅಣಬೆಯ ಕುರಿತ ನಮ್ಮ ಕಿರು ಟಿಪ್ಪಣಿಯನ್ನು ಓದಿ ನೀವು ಕೊಪ್ಪ ತಾಲ್ಲೂಕಿನಿಂದ ಬರೆದ ಪತ್ರ ತಲುಪಿದೆ. ಅದರಲ್ಲಿ ಎರಡು ಪ್ರಶ್ನೆಗಳಿವೆ. ಅಲ್ಲಿನ ಜನ ಮೊದಲೇ ಬಲ್ಲ, ರಾತ್ರಿ ನಡೆಯುವಾಗ ದೀಪದಂತೆ ಬಳಸುವ ಅಣಬೆಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ಸಾರುವುದು ಯಾವ ನ್ಯಾಯ ಎಂಬುದು ಒಂದು. ನಿಮ್ಮ ತೋಟದಂಚಿನ ಕುಂಬು (ಕೊಳೆತ) ಮರದಲ್ಲಿ ಮಳೆಗಾಲದ ರಾತ್ರಿ ಹಸಿರಾಗಿ ಹೊಳೆಯುವ ಅಣಬೆಯೂ ಹೊಸದೇ ಎಂದು, ಲಗತ್ತಿಸಿದ ಚಿತ್ರಗಳನ್ನು ನೋಡಿ ತಿಳಿಸಬೇಕೆಂಬುದು ಇನ್ನೊಂದು. ಎರಡನೆಯದಕ್ಕೆ ನೇರ ಉತ್ತರವೆಂದರೆ, ಚಿತ್ರ ನೋಡಿ ಹೇಳಲು ಬರುವುದಿಲ್ಲ. ನಮಗೆ ಮಾತ್ರವಲ್ಲ, ಅಣಬೆಗಳ ಅಧ್ಯಯನದಲ್ಲೇ ಬದುಕು ಕಳೆದವರಿಗೂ ಬರುವುದಿಲ್ಲ. ಏಕೆಂಬುದನ್ನು ವಿವರಿಸಿದರೆ ಮೊದಲ ಪ್ರಶ್ನೆಗೂ ಬಹುಮಟ್ಟಿಗೆ ಉತ್ತರ ಸಿಕ್ಕೀತು.

ಈ ಅಣಬೆಯ ಹೆಸರು ರೊರಿಡೊಮೈಸಿಸ್ ಫಿಲೋಸ್ಟ್ಯಾಕಿಡಿಸ್. ಅಸ್ಸಾಮಿನ ಪರಿಸರ ಸಂರಕ್ಷಣಾ ಸಂಸ್ಥೆ ಬಾಲಿಪಾರಾ ಫೌಂಡೇಶನ್ ಹಾಗೂ ಚೀನಾದ ಕುನ್ಮಿಂಗ್ ಸಸ್ಯವಿಜ್ಞಾನ ಸಂಸ್ಥೆಯ ಸಂಶೋಧಕರು ಈಶಾನ್ಯ ಭಾರತದಲ್ಲಿ ಅಣಬೆಗಳ ಸಮೀಕ್ಷೆ ನಡೆಸುತ್ತಿದ್ದಾಗ ಊರವರು ‘ಕರೆಂಟು ಅಣಬೆ’ಯ ಮಾತೆತ್ತಿದರು, ಅವರೇ ಜಾಗ ತೋರಿಸಿದರು. ಪೂರ್ವ ಖಾಸಿ ಬೆಟ್ಟಗಳ ಮಾವ್ಲಿನ್ನಾಂಗ್ ಬಳಿಯ ತೊರೆಯೊಂದರ ದಡದಲ್ಲಿ ಮತ್ತು ಪಶ್ಚಿಮ ಜೈಂತಿಯಾ ಬೆಟ್ಟಗಳ ಕ್ರಾಂಗ್ ಸೂರಿಯಲ್ಲಿ ಅದು ಸತ್ತ ಬಿದಿರಿನ ಮೇಲೆ ಬೆಳೆದಿತ್ತು. 2020ರಲ್ಲಿ ‘ಫೈಟೊಟ್ಯಾಕ್ಸಾ’ ಎಂಬ ವರ್ಗೀಕರಣ ವಿಜ್ಞಾನದ ಪತ್ರಿಕೆಯಲ್ಲಿ ಅದರ ವಿವರಣೆ ಪ್ರಕಟವಾಯಿತು. ಆಸರೆಯಾಗಿದ್ದ ಬಿದಿರಿನ ಕುಲದ ಹೆಸರೇ (ಫಿಲೋಸ್ಟ್ಯಾಕಿಸ್) ಅಣಬೆಗೂ ಬಂತು. ರೊರಿಡೊಮೈಸಿಸ್ ಕುಲದ ಪ್ರಭೇದವೊಂದು ಭಾರತದಲ್ಲಿ ದಾಖಲಾದದ್ದು ಅದೇ ಮೊದಲು.

ಇನ್ನು ವಿವರಣೆಯ ವಿಷಯ. ಕಣ್ಣಿಗೆ ಕಾಣುವ ಟೋಪಿ, ಅದರಡಿಯ ಕಿವಿರುಗಳು, ಕಾಲು, ಬಣ್ಣ ಇವೆಲ್ಲ ಕೆಲಸದ ಆರಂಭ ಮಾತ್ರ. ರೊರಿಡೊಮೈಸಿಸ್ ಅಣಬೆಗಳ ಕಾಲು ಒದ್ದೆಯಾದಾಗ ಲೋಳೆ ಹಿಡಿದಂತಿರುತ್ತದೆ. ಮೊದಲು ಮೈಸಿನಾ ಕುಲದಲ್ಲೇ ಎಣಿಕೆಯಾಗುತ್ತಿದ್ದ ಇವನ್ನು ಪ್ರತ್ಯೇಕ ಕುಲವಾಗಿ ಗುರುತಿಸಲು ನೆರವಾದ ಲಕ್ಷಣಗಳಲ್ಲಿ ಅದೂ ಒಂದು. ಆದರೆ ಒಂದೇ ಅಣಬೆ ಬೆಳಗಿನ ಮಳೆಯಲ್ಲಿ ಒಂದು ಬಣ್ಣವಾಗಿದ್ದು ಮಧ್ಯಾಹ್ನ ಒಣಗಿದಾಗ ಇನ್ನೊಂದಾಗುತ್ತದೆ, ಎಳೆಯದರ ಟೋಪಿ ಗಂಟೆಯಂತಿದ್ದರೆ ಬಲಿತದ್ದು ಚಪ್ಪಟೆಯಾಗುತ್ತದೆ. ಹೀಗಿರುವಾಗ ಹೊರರೂಪವೊಂದನ್ನೇ ನೆಚ್ಚಿ ಪ್ರಭೇದವನ್ನು ತೀರ್ಮಾನಿಸುವುದು ಅಪಾಯ. ಆದ್ದರಿಂದ ಸೂಕ್ಷ್ಮದರ್ಶಕದಡಿಯಲ್ಲಿ ಹತ್ತಾರು ಬೀಜಕಣಗಳ ಉದ್ದ ಅಗಲಗಳನ್ನು ಮೈಕ್ರೊಮೀಟರ್‌ಗಳಲ್ಲಿ ಅಳೆಯುತ್ತಾರೆ, ಅಯೋಡಿನ್ ಇರುವ ದ್ರಾವಣದಲ್ಲಿ ಅವು ನೀಲಿಗಟ್ಟುತ್ತವೆಯೋ ಇಲ್ಲವೋ ನೋಡುತ್ತಾರೆ, ಕಿವಿರಿನ ಅಂಚಿನಲ್ಲಿರುವ ಬರಡು ಕೋಶಗಳ ಆಕಾರವನ್ನು ಗೆರೆಚಿತ್ರವಾಗಿ ಬರೆಯುತ್ತಾರೆ. ಈ ಗೆರೆಚಿತ್ರಗಳ ಮುಂದೆ, ಎಲ್ಲರೂ ಹಂಚಿಕೊಳ್ಳುವ ಆ ಹಸಿರು ಹೊಳಪಿನ ಛಾಯಾಚಿತ್ರಗಳಿಗೆ ವರ್ಗೀಕರಣದ ದೃಷ್ಟಿಯಿಂದ ಅಷ್ಟೇನೂ ಬೆಲೆಯಿಲ್ಲ.

ಅನಂತರ ಡಿಎನ್‌ಎ. ಶಿಲೀಂಧ್ರಗಳನ್ನು ಗುರುತಿಸಲು ಐಟಿಎಸ್ ಎಂಬ ಭಾಗವನ್ನು ಸಾಮಾನ್ಯ ಅಳತೆಗೋಲಾಗಿ ಬಳಸಬೇಕೆಂದು 2012ರಲ್ಲಿ ಪ್ರಸ್ತಾಪವಾದಂದಿನಿಂದ ಅದಿಲ್ಲದ ವಿವರಣೆಗಳು ವಿರಳವಾಗಿವೆ. ಇಷ್ಟು ಶೇಕಡಾ ವ್ಯತ್ಯಾಸವಿದ್ದರೆ ಹೊಸ ಪ್ರಭೇದ ಎಂದು ಎಲ್ಲ ಕುಲಗಳಿಗೂ ಸಲ್ಲುವ ಗೆರೆಯನ್ನು ಯಾರೂ ಎಳೆದಿಲ್ಲ. ಹಾಗೆ ಎಳೆದವರಂತೆ ಬರೆಯುವವರು ಇದ್ದಾರೆ, ಅದು ಬೇರೆ ಮಾತು. ಹತ್ತಿರದ ಪ್ರಭೇದಗಳೊಂದಿಗೆ ಹೋಲಿಸಿ ವಂಶವೃಕ್ಷ ಬಿಡಿಸಿದಾಗ ಈ ಅಣಬೆ ಪ್ರತ್ಯೇಕ ಕವಲಾಗಿ ನಿಲ್ಲಬೇಕು, ರೂಪದ ವ್ಯತ್ಯಾಸಗಳೂ ಅದಕ್ಕೆ ಒಪ್ಪುವಂತಿರಬೇಕು.

ಕೊನೆಗೆ, ಒಣಗಿಸಿದ ಒಂದು ಮಾದರಿಯನ್ನು ಆ ಹೆಸರಿನ ಮೂಲ ಆಧಾರವೆಂದು ಗೊತ್ತುಮಾಡಿ ಸಾರ್ವಜನಿಕ ಸಂಗ್ರಹಾಲಯದಲ್ಲಿ ಇಡಬೇಕು. 2013ರಿಂದೀಚೆಗೆ ಮೈಕೊಬ್ಯಾಂಕ್‌ನಂಥ ಮಾನ್ಯ ನೋಂದಣಿ ಕೋಶದ ಸಂಖ್ಯೆಯಿಲ್ಲದೆ ಯಾವ ಹೊಸ ಶಿಲೀಂಧ್ರದ ಹೆಸರೂ ಸಿಂಧುವಲ್ಲ. ನಾಳೆ ಕೊಪ್ಪದಲ್ಲೋ ಕೊಲಂಬಿಯಾದಲ್ಲೋ ಯಾರಿಗಾದರೂ ತಮ್ಮ ಕೈಯಲ್ಲಿರುವುದು ಇದೇ ಅಣಬೆಯೇ ಎಂಬ ಸಂದೇಹ ಬಂದರೆ, ಆ ಮಾದರಿಯನ್ನು ತರಿಸಿ ಪಕ್ಕದಲ್ಲಿಟ್ಟು ನೋಡಬಹುದು, ವಿವರಣೆ ತಪ್ಪೆನಿಸಿದರೆ ತಿದ್ದಬಹುದು.

ನ್ಯಾಯದ ಪ್ರಶ್ನೆಗೆ ಈಗ ಬರೋಣ. ಹೊಸ ಪ್ರಭೇದವೆಂದರೆ ಯಾರೂ ಕಾಣದಿದ್ದದ್ದು ಎಂದು ಆ ಪ್ರಬಂಧ ಹೇಳುವುದಿಲ್ಲ. ಈವರೆಗೆ ವಿವರಿಸಿರುವ ಯಾವ ಪ್ರಭೇದದೊಂದಿಗೂ ಇದು ಹೊಂದುವುದಿಲ್ಲ ಎಂದಷ್ಟೇ ಹೇಳುತ್ತದೆ. ಖಾಸಿ ಬೆಟ್ಟದ ಹಳ್ಳಿಗನಿಗೆ ಅಣಬೆ ಗೊತ್ತಿತ್ತು. ಆದರೆ ದೂರದ ಕಾಡುಗಳ ಅಣಬೆಗಳಿಗಿಂತ ಅದು ಬೇರೆಯೆಂಬುದು ಅವನಿಗಾಗಲಿ, ಹೋಲಿಸಿ ನೋಡುವವರೆಗೆ ಸಂಶೋಧಕರಿಗಾಗಲಿ ಗೊತ್ತಾಗುವಂಥದ್ದಲ್ಲ. ಇಷ್ಟಾದರೂ ನಿಮ್ಮ ಆಕ್ಷೇಪದಲ್ಲಿ ಹುರುಳಿದೆಯೆಂದೇ ನನ್ನ ಅಭಿಪ್ರಾಯ. ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಮೂಲ ಮಾದರಿ ಕೇಳುತ್ತದೆ, ನೋಂದಣಿ ಸಂಖ್ಯೆ ಕೇಳುತ್ತದೆ. ಸ್ಥಳೀಯ ಹೆಸರು, ಬಳಕೆ, ದಾರಿ ತೋರಿದವರ ವಿವರ ಕೇಳುವುದಿಲ್ಲ. ಅವನ್ನು ಬರೆಯುವುದು ಲೇಖಕರ ಸೌಜನ್ಯಕ್ಕೆ ಬಿಟ್ಟದ್ದಾಗಿದೆ. ಹೀಗಿರಬಾರದು.

ಹೊಳಪಿನ ಬಗ್ಗೆಯೂ ಎರಡು ಮಾತು. ಹೊಳೆಯುವ ಅಣಬೆಗಳಲ್ಲಿ ಲ್ಯುಸಿಫೆರಿನ್ ಎಂಬ ವಸ್ತು ಕಿಣ್ವವೊಂದರ ನೆರವಿನಿಂದ ಆಮ್ಲಜನಕದೊಂದಿಗೆ ವರ್ತಿಸಿ ಹಸಿರು ಬೆಳಕನ್ನು ಸೂಸುತ್ತದೆ. 2018ರಲ್ಲಿ ಈ ಪ್ರಕ್ರಿಯೆಯ ಜೀನುಗಳು ಸ್ಪಷ್ಟವಾದಾಗ, ಅದರ ಮೊದಲ ಮೆಟ್ಟಿಲು ಕೆಫೀಕ್ ಆಮ್ಲವೆಂದು ತಿಳಿಯಿತು. ಕಾಫಿ ಸೀಮೆಯವರಾದ ನೀವು ಇದನ್ನು ಕೆಫೀನ್ ಎಂದು ತಿಳಿಯಬಾರದು. ಬ್ರೆಜಿಲಿನ ಒಂದು ಪ್ರಭೇದದ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಳಗೆ ಹಸಿರು ದೀಪವಿಟ್ಟ ಕೃತಕ ಅಣಬೆಗಳಿಗೆ ದೀಪವಿಲ್ಲದವುಗಳಿಗಿಂತ ಹೆಚ್ಚು ಕೀಟಗಳು ಬಂದವು. ಬೀಜಕಣ ಹರಡಲು ಬೆಳಕು ನೆರವಾಗಬಹುದೆಂಬ ಊಹೆಗೆ ಅದು ಬಲ ಕೊಟ್ಟಿತು. ಮೇಘಾಲಯದ ಅಣಬೆ ಮಾತ್ರ ಈ ಊಹೆಗೆ ಸುಲಭವಾಗಿ ಒಗ್ಗುವುದಿಲ್ಲ: ಅದರಲ್ಲಿ ಹೊಳೆಯುವುದು ಕಾಲು, ಬೀಜಕಣ ಹೊರುವ ಟೋಪಿಯಲ್ಲ.

ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಹೊಳೆಯುವ ಶಿಲೀಂಧ್ರಗಳಿವೆ; ಗೋವಾ, ಮಹಾರಾಷ್ಟ್ರಗಳ ಮಳೆಗಾಲದ ಕಾಡುಗಳಿಂದ ಮೈಸಿನಾ ಅಣಬೆಗಳ ವರದಿಗಳು ಬಂದಿವೆ. ಎಷ್ಟೋ ಸಲ ಹೊಳೆಯುವುದು ಅಣಬೆಯೂ ಅಲ್ಲ, ಕೊಳೆತ ಮರದೊಳಗೆ ಹರಡಿದ ಅದರ ಎಳೆಗಳ ಬಲೆ. ಆದ್ದರಿಂದ ನಿಮ್ಮಲ್ಲಿರುವುದು ಪರಿಚಿತ ಪ್ರಭೇದವೇ ಇರಬಹುದು, ಅಲ್ಲದಿರಲೂಬಹುದು. ತಿಳಿಯಬೇಕೆಂದಿದ್ದರೆ ಮುಂದಿನ ಮಳೆಗಾಲದಲ್ಲಿ ಎಳೆಯವು ಬಲಿತವು ಎರಡನ್ನೂ ಬುಡಸಮೇತ ಬಿಡಿಸಿ, ಪ್ಲಾಸ್ಟಿಕ್ಕಿನಲ್ಲಲ್ಲದೆ ಕಾಗದದ ಪೊಟ್ಟಣದಲ್ಲಿಡಿ. ಒಂದು ಟೋಪಿಯನ್ನು ಗಾಜಿನ ಮೇಲೆ ಬೋರಲಿಟ್ಟು ರಾತ್ರಿ ಕಳೆದರೆ ಬೀಜಕಣಗಳ ಅಚ್ಚು ಸಿಗುತ್ತದೆ. ಉಳಿದವನ್ನು ಬೇಯದಂತೆ ಹದವಾದ ಬಿಸಿಯಲ್ಲಿ ಒಣಗಿಸಿ, ಶಿಲೀಂಧ್ರಗಳ ಅಧ್ಯಯನ ನಡೆಸುವ ಯಾವುದಾದರೂ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಕಳುಹಿಸಿ. ತೋಟದ ಬೇಲಿಯಾಚೆ ಮೀಸಲು ಅರಣ್ಯವಿದ್ದರೆ ಅಲ್ಲಿಂದ ಅನುಮತಿಯಿಲ್ಲದೆ ಏನನ್ನೂ ತೆಗೆಯಬೇಡಿ. ನಿಮ್ಮ ಪತ್ರದಲ್ಲಿ ‘ಕುಂಬು ಮರ’ ಎಂದಷ್ಟೇ ಇದೆ; ಅದು ಹಲಸೋ, ಮತ್ತಿಯೋ, ಹೊನ್ನೆಯೋ ಎಂಬುದನ್ನು ಪೊಟ್ಟಣದ ಮೇಲೆ ತಪ್ಪದೆ ಬರೆಯಿರಿ. ಪರೀಕ್ಷಿಸುವವರು ಮೊದಲು ಕೇಳುವುದು ಅದನ್ನೇ.

— ಸಂಪಾದಕ