ಕಿಲೋಮೀಟರ್ ಆಮೇಲೆ, ಟಿಕೆಟ್ ಒಂದೇನಾ ನೋಡಿ

ಅಮ್ಮನನ್ನು ಕರ್ಕೊಂಡು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ಬೇಕು, ಎಷ್ಟು ದೂರ, ಎಷ್ಟು ಗಂಟೆ ಅಂತ ಕೇಳಿದ್ದೀರಿ. ಚಿಕ್ಕಬಳ್ಳಾಪುರದವರು ಅಂತ ಬೇರೆ ಬರೆದಿದ್ದೀರಿ. ನಾನು ಚಿಂತಾಮಣಿ. ತಂಗಿ ಬಾಣಂತನಕ್ಕೆ ಅಮ್ಮನನ್ನು ಅಮೆರಿಕಕ್ಕೆ ಕರ್ಕೊಂಡು ಹೊರಟಾಗ ನಾನೂ ಇದನ್ನೇ ಹುಡುಕ್ತಾ ಕೂತಿದ್ದೆ.

ದೂರ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹಾರಿದರೆ 16–17 ಗಂಟೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಉತ್ತರ ಧ್ರುವದ ಮೇಲೆ ಹಾರಿ ದೇವನಹಳ್ಳಿಯಲ್ಲಿ ಇಳಿದರಲ್ಲ, ಅದೇ ಪ್ರಯಾಣ. ಮಧ್ಯೆ ಒಂದು ಕಡೆ ವಿಮಾನ ಬದಲಿಸಿದರೆ 20ರಿಂದ 24 ಗಂಟೆ, ಒಮ್ಮೊಮ್ಮೆ ಇನ್ನೂ ಜಾಸ್ತಿ. ಆಯ್ತಾ? ಇದರಿಂದ ನಿಮಗೆ ಕಾಸಿನ ಉಪಯೋಗ ಇಲ್ಲ.

ನನ್ನ ತಲೆಗೆ ಆಗ ಗಂಟೆ, ರೇಟು ಎರಡೇ ಹೊಕ್ಕಿದ್ದು. ದೆಹಲಿಯಿಂದ ಅಮೆರಿಕಕ್ಕೆ ಅಗ್ಗದ ಟಿಕೆಟ್ ಸಿಕ್ತು. ಬೆಂಗಳೂರು–ದೆಹಲಿಗೆ ಬೇರೆ ಕಂಪನಿಯಲ್ಲಿ ಬೇರೆ ಟಿಕೆಟ್ ಮಾಡಿದೆ. ಮಧ್ಯೆ ಮೂರು ಗಂಟೆ, ಧಾರಾಳ ಅಂದ್ಕೊಂಡೆ. ಜನವರಿ, ದೆಹಲಿಯಲ್ಲಿ ಮಂಜು, ಮೊದಲನೇ ವಿಮಾನವೇ ತಡ. ಇಳಿದದ್ದು ಟರ್ಮಿನಲ್ 1, ಹತ್ತಬೇಕಾದ್ದು ಟರ್ಮಿನಲ್ 3. ಒಳಗಿಂದೊಳಗೇ ನಡ್ಕೊಂಡು ಹೋಗೋಕಾಗಲ್ಲ, ಹೊರಗೆ ಬಂದು ರಸ್ತೆ ಮೇಲೆ ಸುತ್ತು ಹಾಕಬೇಕು. ಟಿಕೆಟ್ ಎರಡಾದ್ದರಿಂದ ಬ್ಯಾಗೂ ನಾವೇ ಬೆಲ್ಟಿನಿಂದ ಇಳಿಸ್ಕೊಂಡು, ಅಲ್ಲಿ ಮತ್ತೆ ಹಾಕಬೇಕು. ಹುರಿಹಿಟ್ಟಿನ ಡಬ್ಬ ಇದ್ದ ಬ್ಯಾಗೇ ಕೊನೆಗೆ ಬಂತು. ಚೆಕ್‌ಇನ್ ಕೌಂಟರ್ ವಿಮಾನ ಹೊರಡೋ ಕನಿಷ್ಠ ಒಂದು ಗಂಟೆ ಮುಂಚೆಯೇ ಮುಚ್ತಾರೆ. ಅಂದ್ರೆ ನನ್ನ ಮೂರು ಗಂಟೆ ಮೊದಲಿಂದಲೂ ಎರಡೇ ಗಂಟೆ! ಅದು ಹೊಳೆದದ್ದು ಮುಚ್ಚಿದ ಕೌಂಟರ್ ಮುಂದೆ.

ಮೊದಲನೇ ಕಂಪನಿಯವರು 'ನಿಮ್ಮನ್ನು ದೆಹಲಿಗೆ ಬಿಟ್ವಿ, ನಮ್ಮ ಕೆಲಸ ಮುಗೀತು' ಅಂದರು. ಎರಡನೆಯವರ ಲೆಕ್ಕದಲ್ಲಿ ನಾವು ಬರಲೇ ಇಲ್ಲ. ಇಬ್ಬರದೂ ಕಾನೂನಿನ ಪ್ರಕಾರ ಸರಿಯೇ, ಬೈಯೋಕೂ ಯಾರೂ ಸಿಗಲಿಲ್ಲ. ಒಂದೇ ಟಿಕೆಟ್, ಒಂದೇ ಪಿಎನ್‌ಆರ್ (ಬುಕಿಂಗ್ ನಂಬರ್) ಆಗಿದ್ದರೆ ಮುಂದಿನ ವಿಮಾನಕ್ಕೆ ಕೂರಿಸೋದು ಅವರ ಜವಾಬ್ದಾರಿ. ನಾನು ಹೊಸ ಟಿಕೆಟ್ ಕೊಂಡೆ. ಅವತ್ತಿನ ರೇಟು ಎಷ್ಟು ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಹಾಗಾಗಿ ಎರಡು ಗಂಟೆ ಉಳಿಯುತ್ತೆ, ಹತ್ತು ಸಾವಿರ ಉಳಿಯುತ್ತೆ ಅಂತ ಹೋಲಿಸ್ತಾ ಕೂರಬೇಡಿ. ದುಬೈ ಆಗಲಿ, ಫ್ರಾಂಕ್‌ಫರ್ಟ್ ಆಗಲಿ, ಒಂದೇ ಟಿಕೆಟ್ ಮಾಡಿ. ಅಮ್ಮನಿಗೆ ವೀಲ್‌ಚೇರ್ ಕೇಳಿ. ಚೆನ್ನಾಗಿ ನಡೀತಾರೆ ಅಂದ್ರೂ ಕೇಳಿ.

ಇನ್ನೊಂದು. ಟಿಕೆಟಿನಲ್ಲಿರೋದು ಆಯಾ ಊರಿನ ಗಡಿಯಾರದ ಸಮಯ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯಲ್ಲಿ ಮಂಗಳವಾರ ಬೆಳಗಿನ ಜಾವ 2ಕ್ಕೆ ಹೊರಟು 22 ಗಂಟೆ ಪ್ರಯಾಣ ಮಾಡಿದರೆ, ಇಳಿಯೋದು ಅದೇ ಮಂಗಳವಾರ ಬೆಳಿಗ್ಗೆ 11:30ಕ್ಕೆ. ಒಂಬತ್ತೂವರೆ ಗಂಟೆ ಅಷ್ಟೇನಾ ಅಂತ ಖುಷಿಪಡಬೇಡಿ. ಮಂಗಳವಾರ 2 ಗಂಟೆ ಅಂದ್ರೆ ಮನೆ ಬಿಡಬೇಕಾದ್ದು ಸೋಮವಾರ ರಾತ್ರಿ. ದೇವನಹಳ್ಳಿ ನಿಮಗೆ ಬೆಂಗಳೂರಿನವರಿಗಿಂತ ಸಲೀಸು, ಆದ್ರೂ ಒಂಬತ್ತೂವರೆಗೆಲ್ಲ ಹೊರಟುಬಿಡಿ.